ಇನ್ನೊಮ್ಮೆ ಅಳತಿ

ಅಹಮದಾಬಾದ
೮ ಸೆಪ್ಟೆಂಬರ್ ೨೦೨೪

ಅಪ್ಪಾ, ಶರಣು.

ಫೋನ್ ಮಾಡಿದ್ರ ನೀವು ಎರಡು ಸಲ "ಹಾಂ, ಹಾಂ" ಅಂದು ಅವ್ವನ ಕೈಯಾಗ ಕೊಟ್ಟುಬಿಡ್ತೀರಿ. ಕಿವಿ ಮಿಷನ್ ಹಾಕ್ಕೊಳ್ಳಂಗಿಲ್ಲ, ಕಪಾಟಿನ್ಯಾಗ ಇಟ್ಟಾರ ಅಂತ ಸಂತೋಷಣ್ಣ ಹೇಳಿದ. ಅದಕ್ಕ ಬರಿಯಾಕತ್ತೇನಿ. ಇದು ಅವ್ವನ ಕೂಡ ಆಡೋ ಮಾತಲ್ಲ. ಮೂವತ್ತು ವರ್ಷ ಲೆವೆಲ್ ದುರ್ಬೀನು ಹಿಡದು ನೆಲದ ಎತ್ತರ ಅಳದವರ ಕೂಡ ಆಡೋ ಮಾತು.

ನನ್ನ ಕೆಲಸ ಏನಂತ ನೀವು ಹಿಂದ ಕೇಳಿದ್ರಿ. ನಾ ಗಡಿಬಿಡಿಯೊಳಗ ಅರ್ಧ ಹೇಳಿದ್ದೆ. ಉತ್ತರ ಧ್ರುವದ ಹತ್ರ ಗ್ರೀನ್‌ಲ್ಯಾಂಡ್ ಅಂತ ದ್ವೀಪ ಐತಿ. ಅದರ ಮ್ಯಾಲ ಎರಡು ಮೂರು ಕಿಲೋಮೀಟರ್ ದಪ್ಪ ಹಿಮ ಕುಂತೈತಿ. ಏಳನೂರು ಕಿಲೋಮೀಟರ್ ಮ್ಯಾಲಿಂದ ಒಂದು ಉಪಗ್ರಹ ಹಾಯತೈತಿ. ಅದು ಕೆಳಗ ರೇಡಿಯೋ ತರಂಗ ಬಿಡತೈತಿ. ಅದು ಹಿಮಕ್ಕ ಬಡದು ತಿರುಗಿ ಬರಾಕ ಎಷ್ಟು ಹೊತ್ತು ಹಿಡೀತು ಅನ್ನೂದರ ಮ್ಯಾಲ ಹಿಮದ ಎತ್ತರ ಸಿಗತೈತಿ. ಅದೇ ಜಾಗಾ ಹತ್ತು ವರ್ಷ ಅಳದ್ರ ಹಿಮ ತಗ್ಗೇತೋ ಏರೇತೋ ತಿಳಿತೈತಿ. ನೀವು ಮಾಡತಿದ್ದ ಕೆಲಸನ, ಅಳತಿಗೋಲು, ಆ ಸ್ಟಾಫ್, ಹಿಡದು ನಿಲ್ಲವರು ಯಾರೂ ಇರಂಗಿಲ್ಲ ಅಷ್ಟ.

ಹೋದ ವರ್ಷ ನನ್ನ ಪ್ರಬಂಧ ಬಂತಲ್ಲ, ಅದರಾಗ ಈಶಾನ್ಯದ ಒಂದು ಹಿಮಕಣಿವಿ ವರ್ಷಕ್ಕ ಮೂವತ್ತೊಂದು ಸೆಂಟಿಮೀಟರ್ ತಗ್ಗಾಕತ್ತೈತಿ ಅಂತ ಬರದಿದ್ದೆ. ಹೋದ ತಿಂಗಳು ನಮ್ಮ ಗುಂಪಿನ ನಯೀಮ, ನನ್ನ ಜೋಡಿನ ಸೇರಿದಾಂವ, ಅದೇ ಕಣಿವಿಯನ್ನ ಲೇಸರ್ ಉಪಗ್ರಹದಿಂದ ಅಳದು ನೋಡ್ಯಾನ. ಅವಗ ಇಪ್ಪತ್ತೆರಡು ಬಂದೈತಿ.

ಹತ್ತು ದಿನ ಹುಡುಕಿದೆ. ತಪ್ಪು ನಂದ. ಹತ್ತು ವರ್ಷದ ಅಳತಿಗೆ ನಾ ಎರಡು ಉಪಗ್ರಹ ಜೋಡಿಸಿದ್ದೆ, ಒಂದು ಹಳೇದು, ಒಂದು ಹೊಸಾದು. ಬ್ಯಾಸಗಿಯೊಳಗ ಹಿಮದ ಮ್ಯಾಲಿನ ಪದರ ಕರಗಿ ಮತ್ತ ಹೆಪ್ಪಾದ್ರ ಗಾಜಿನಂಗ ಆಗತೈತಿ, ತರಂಗ ಅಲ್ಲೇ ಬಡದು ತಿರುಗತೈತಿ. ಒಣ ಹಿಮ ಬಿದ್ದಿದ್ರ ಅದರೊಳಗ ಮೊಣಕಾಲುದ್ದ ಇಳದು ತಿರುಗತೈತಿ. ಹಳೇ ಉಪಗ್ರಹ ನೋಡಿದ್ದು ಗಾಜು, ಹೊಸದು ನೋಡಿದ್ದು ಒಣ ಹಿಮ. ಬುಡ ಸವದ ಸ್ಟಾಫ್ ಒಂದು, ಸವೀದ ಸ್ಟಾಫ್ ಒಂದು ಹಿಡದು, ನಡುವಿನ ಅಂತರ ಕಳೀದ ಪುಸ್ತಕ ಬರದಂಗ ಆಗೇತಿ. ಆ ಕಣಿವಿ ನಮ್ಮ ಜಿಲ್ಲಾದಂಥ ಹದಿನೈದು ಜಿಲ್ಲಾದಷ್ಟು ಅಗಲ. ಅದರ ಮ್ಯಾಲ ಒಂಬತ್ತು ಸೆಂಟಿಮೀಟರ್ ಅಂದ್ರ, ಎರಡು ಆಲಮಟ್ಟಿ ತುಂಬಿ ಮಿಗುವಷ್ಟು ನೀರು. ವರ್ಷಾ ವರ್ಷಾ ಅಷ್ಟು ನೀರು, ಇಲ್ಲದ್ದನ್ನ ನಾ ಐತಿ ಅಂದೇನಿ.

ನಮ್ಮ ಗುಂಪು ನಡಸೋ ಮೇಡಮ್ ಅವರಿಗೆ ಹೇಳಿದೆ. "ಈಗ ಸುಮ್ಮನಿರು. ಮುಂದಿನ ಪ್ರಬಂಧದಾಗ ಹೊಸ ವಿಧಾನ ಅಂತ ಹೇಳಿ ಇಪ್ಪತ್ತೆರಡು ಹಾಕು, ಹಳೇದನ್ನ ಯಾರೂ ತಿರುಗಿ ನೋಡಂಗಿಲ್ಲ" ಅಂದ್ರು. ಮಾರ್ಚ್ ತಿಂಗಳದಾಗ ನನ್ನ ನೌಕರಿ ಕಾಯಂ ಮಾಡೋ ಸಭೆ ಐತಿ. ಅವರು ನನ್ನ ಒಳ್ಳೇದಕ್ಕ ಹೇಳ್ಯಾರ.

ಅಪ್ಪಾ, ನಿಮ್ಮ ಲೆವೆಲ್ ಪುಸ್ತಕದ ಲೆಕ್ಕ ಎಂದರ ಕೂಡದ ಹೋಗಿತ್ತೇನು? ಆವಾಗ ಏನು ಮಾಡಿದ್ರಿ?

ನಿಮ್ಮ ಮಗಳು,
ಐಶ್ವರ್ಯ


ನವನಗರ, ಬಾಗಲಕೋಟಿ
೧೯ ಸೆಪ್ಟೆಂಬರ್ ೨೦೨೪

ಚಿ. ಐಶ್ವರ್ಯಾಗ ಆಶೀರ್ವಾದ.

ಪತ್ರ ಮುಟ್ಟಿತು. ಎರಡು ಸಲ ಓದಿದೆ. ಸ್ಟಾಫಿನ ಉದಾಹರಣಿ ಬರೋಬ್ಬರಿ ಕೊಟ್ಟಿ.

ನನ್ನ ಪುಸ್ತಕ ಯಾವಾಗಲೂ ಕೂಡತಿತ್ತು.

ನಿಮ್ಮ ಮೇಡಮ್ ಅನುಭವಸ್ಥರು, ಅವರು ಹೇಳಿದಂಗ ಮಾಡು. ನೌಕರಿ ಕಾಯಂ ಆಗೂತನಕ ತಲಿ ತಗ್ಗಿಸಿ ನಡಿಬೇಕು. ಇಲ್ಲಿ ಮಳಿ ಚಲೋ ಆಗೇತಿ. ಸಂತೋಷನ ಮಗಳಿಗೆ ಜ್ವರ ಬಂದಿತ್ತು, ಈಗ ಅರಾಮ ಅದಾಳ. ನಿಮ್ಮವ್ವ ನಿನಗ ಶೇಂಗಾ ಹಿಂಡಿ ಕಳಿಸ್ಯಾಳ, ಮುಟ್ಟಿದ ಮ್ಯಾಲ ತಿಳಿಸು.

ಇಂತಿ,
ಹೊಳಬಸಪ್ಪ


ಅಹಮದಾಬಾದ
೬ ಅಕ್ಟೋಬರ್ ೨೦೨೪

ಅಪ್ಪಾ,

ಶೇಂಗಾ ಹಿಂಡಿ ಮುಟ್ಟಿತು. ನಯೀಮ ಅರ್ಧ ಡಬ್ಬಿ ಖಾಲಿ ಮಾಡಿದ. ಅಂವ ವಿಜಾಪುರದಾಂವ, ಇಲ್ಲಿ ಅವಗ ಇಂಥದ್ದು ಸಿಗಂಗಿಲ್ಲ.

ನಿಮ್ಮ ಮಾತು ಮೀರೇನಿ. ಮೂರನೇ ತಾರೀಖಿಗೆ ಪತ್ರಿಕಿಯವರಿಗೆ ಬರದೆ: ನನ್ನ ಅಂಕಿ ತಪ್ಪೈತಿ, ಪ್ರಬಂಧ ಹಿಂದಕ್ಕ ತಗೋರಿ, ಸರಿಪಡಿಸಿದ್ದು ಕಳಸ್ತೇನಿ. ಕಳಿಸೋಕಿಂತ ಮುಂಚೆ ಮೇಡಮ್ ಕೋಣಿಗೆ ಹೋಗಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕನ್ನಡಕ ತಗದು ಟೇಬಲ್ ಮ್ಯಾಲ ಇಟ್ಟು, "ಹಿಮ ಕರಗೂದು ಎಲ್ಲಾ ಸುಳ್ಳು ಅನ್ನೋ ಮಂದಿ ಅದಾರ. ನಾಳೆ ಅವರು ನಿನ್ನ ಹೆಸರು ಹಿಡಕೊಂಡು ಕುಣೀತಾರ. ಅದಕ್ಕ ತಯಾರಿದ್ದೀಯೇನು?" ಅಂತ ಕೇಳಿದ್ರು. ಇಲ್ಲ ಅಂದೆ. "ಹಂಗಾದ್ರ ಯಾಕ ಕಳಸ್ತಿ?" ಅಂದ್ರು. ಹೊರಗ ಬಂದು ಕಳಿಸಿಬಿಟ್ಟೆ.

ನನಗ ಹೆದರಿಕಿ ಆಗೇತಿ, ಸುಳ್ಳು ಯಾಕ ಹೇಳ್ಲಿ. ಇಪ್ಪತ್ತೆರಡು ಅಂದ್ರೂ ಹಿಮ ತಗ್ಗಾಕತ್ತೈತಿ, ಅದೇನು ನಿಂತಿಲ್ಲ. ಆದ್ರ ಮೂವತ್ತೊಂದು ಅಂದಾಕಿ ಇಪ್ಪತ್ತೆರಡು ಅಂದ್ರ ಅದನ್ನೂ ಯಾರು ನಂಬ್ತಾರ?

ಇನ್ನೊಂದು ಮಾತು. ನಿಮ್ಮ ಪುಸ್ತಕ ಯಾವಾಗಲೂ ಕೂಡತಿತ್ತು ಅಂತ ಬರದೀರಿ. ಓದಿ ನನಗ ಧೈರ್ಯ ಬರಬೇಕಿತ್ತು. ಬರಲಿಲ್ಲ. ಯಾವ ಅಳತಿನೂ ಯಾವಾಗಲೂ ಕೂಡಂಗಿಲ್ಲ ಅಂತ ನನಗ ಕಲಿಸಿದವರು ನೀವ. ನಾ ಆರನೇ ಇಯತ್ತೆ ಇದ್ದಾಗ, ಅಂಗಳದಾಗ ನಿಲ್ಲಿಸಿ.

ಐಶ್ವರ್ಯ


ನವನಗರ
೨೭ ಅಕ್ಟೋಬರ್ ೨೦೨೪

ಪ್ರೀತಿಯ ಐಶುಗ ನಿಮ್ಮವ್ವ ಮಾಡುವ ಆಶೀರ್ವಾದ.

ನಾ ಪತ್ರ ಬರದು ಎಷ್ಟು ವರ್ಷ ಆತೋ, ಅಕ್ಷರ ನೋಡಿ ನಗಬ್ಯಾಡ. ಫೋನಿನ್ಯಾಗ ಹೇಳಬೇಕಂದ್ರ ನಿಮ್ಮಪ್ಪ ಇಲ್ಲೇ ಇರ್ತಾರ.

ನೀ ಏನು ಬರದಿ ಅವರಿಗೆ? ಎರಡು ವಾರ ಆತು, ಸರಿಯಾಗಿ ಉಂಡಿಲ್ಲ. ಅಟ್ಟದ ಮ್ಯಾಲಿನ ಟ್ರಂಕ್ ಸಂತೋಷನ ಕೈಲಿಂದ ಇಳಿಸ್ಯಾರ. ಹಳೇ ಪುಸ್ತಕ ತಗದು ಕಿಡಕಿ ಕಡೆ ಕುಂತು ತಿರುವಿ ಹಾಕ್ತಾರ. ಚಹಾ ಆರಿ ತಣ್ಣಗಾದ್ರೂ ಲಕ್ಷ್ಯ ಇಲ್ಲ. ಸಂತೋಷ ಡಾಕ್ಟರ ಕಡೆ ಹೋಗೂಣು ಅಂದ್ರ, "ನನಗೇನಾಗೇತಿ" ಅಂತ ಅವನ ಮ್ಯಾಲ ಹರಿಹಾಯ್ದ್ರು.

ನಿನ್ನೆ ಒಮ್ಮಿಂದೊಮ್ಮೆ, "ಖಾದರಬಾಷಾ ಇಲಕಲ್ಲಿನ್ಯಾಗ ಯಾವ ಓಣ್ಯಾಗ ಅದಾನ ಗೊತ್ತೇನು?" ಅಂತ ಕೇಳಿದ್ರು. ಕೈಯಾಗಿನ ಲಟ್ಟಣಿಗಿ ಹಂಗ ನಿಂತಿತು. ನಿನಗ ನೆನಪಿರಬೇಕು ಖಾದರಕಾಕಾ, ಹಳೇ ಊರಾಗ ನಮ್ಮ ಹಿಂದಿನ ಓಣ್ಯಾಗ ಮಗ್ಗ ಇತ್ತು. ನನ್ನ ಮದುವಿ ಸೀರಿ ನೇದಾಂವ. ಇಬ್ಬರೂ ಒಂದ ಸಾಲಿ ಕಲಿತವರು. ಅಂವ ಊರು ಬಿಟ್ಟು ಹದಿನೆಂಟು ವರ್ಷ ಆತು. ಅವತ್ತಿಂದ ಈ ಮನ್ಯಾಗ ಅವನ ಹೆಸರು ಯಾರೂ ಎತ್ತಿದ್ದಿಲ್ಲ. ಯಾಕ ಅಂತ ನಾ ಕೇಳಲಿಲ್ಲ, ಅವರು ಹೇಳಲಿಲ್ಲ.

ನೀ ಏನರ ಬಿರುಸು ಮಾತು ಬರದಿದ್ರ ಒಂದು ಸಮಾಧಾನದ ಪತ್ರ ಬರಿ.

ನಿಮ್ಮವ್ವ,
ಸುನಂದಾ


ನವನಗರ
೧೨ ನವೆಂಬರ್ ೨೦೨೪

ಐಶ್ವರ್ಯಾ,

ಸುಳ್ಳು ಬರದಿದ್ದೆ. ಒಂದು ಪುಸ್ತಕ ಕೂಡಿದ್ದಿಲ್ಲ.

ಅದು ೧೯೯೫ರ ಜೂನ್ ತಿಂಗಳು. ಆಲಮಟ್ಟಿ ಡ್ಯಾಮ್ ತುಂಬಿದ್ರ ನೀರು ಎಲ್ಲಿ ತನಕ ಬರತೈತಿ ಅನ್ನೋ ಗೆರಿಗೆ ಪ್ರತಿ ಮನಿ ಹೊಸ್ತಿಲ ಎತ್ತರ ಹೋಲಿಸಿ ಯಾದಿ ಮಾಡತಿದ್ವಿ. ಗೆರಿ ಕೆಳಗಿದ್ದವರಿಗೆ ನವನಗರದಾಗ ಜಾಗಾ, ಮ್ಯಾಲಿದ್ದವರು ಇದ್ದಲ್ಲೇ ಇರಬೇಕು. ನಮ್ಮ ಹಿಂದಿನ ಓಣಿ ನಾ ಒಬ್ಬನ ಮಾಡಿದೆ. ಶುರು ಮಾಡಿದ್ದು ಒಂದು ಕಟ್ಟಿಯ ಮೂಲಿಗಲ್ಲಿನಿಂದ. ಅದರ ಎತ್ತರ ಮೊದಲ ಬರದಿಟ್ಟಿತ್ತು, ಅದಕ್ಕ ನಾವು ಬೆಂಚ್‌ಮಾರ್ಕ್ ಅಂತೀವಿ. ಎಲ್ಲಾ ಮುಗಿಸಿ ಅಂಥಾದ್ದ ಇನ್ನೊಂದು ಗುರುತಿಗೆ ಹೋಗಿ ಕೂಡಿಸಿದಾಗ ಹದಿನೆಂಟು ಸೆಂಟಿಮೀಟರ್ ಫರಕ್ ಬಂತು. ತಿರುಗಿ ಹೋಗಿ ನೋಡಿದೆ. ಯಾವುದೋ ಲಾರಿ ಬಡದು ಕಲ್ಲು ಕುಸಿದಿತ್ತು. ಕುಸಿದ ಕಲ್ಲಿನಿಂದ ಅಳದ್ರ ಎಲ್ಲಾ ಮನಿ ಇದ್ದದ್ದಕ್ಕಿಂತ ಎತ್ತರ ಕಾಣತಾವ. ನಿನಗ ಬಿಡಿಸಿ ಹೇಳೂದು ಬ್ಯಾಡ.

ಮರುದಿನ ಪುಸ್ತಕ ಸಾಹೇಬರ ಕಡೆ ಹೋಗೂದಿತ್ತು. ಆ ತಿಂಗಳ ನನ್ನ ನೌಕರಿ ಕಾಯಂ ಆಗೂದಿತ್ತು. ಇನ್ನೊಮ್ಮೆ ಅಳಿಯಾಕ ಮೂರು ದಿನ ಬೇಕು, ತಪ್ಪು ಯಾರದು ಅಂತ ಬರದು ಕೊಡಬೇಕು. ನಾ ಆ ಹಾಳಿ ಹರದೆ. ಹೊಸ ಹಾಳಿಯೊಳಗ, ಕೊನೀಗೆ ಕೂಡುವಂಗ ಎರಡು ಅಂಕಿ ತಿದ್ದಿ ಬರದೆ.

ಓಣಿಯೊಳಗಿನ ಉಳದ ಮನಿಗಳು ಒಂದೋ ಭಾಳ ಮ್ಯಾಲ, ಇಲ್ಲಾ ಭಾಳ ಕೆಳಗ. ಹದಿನೆಂಟು ಸೆಂಟಿಮೀಟರಿನಿಂದ ಅವಕ್ಕೇನೂ ಆಗಲಿಲ್ಲ. ಒಂದ ಮನಿ ಅಂಚಿನ್ಯಾಗ ಇತ್ತು. ಖಾದರಂದು. ಪುಸ್ತಕದಾಗ ಗೆರಿಗಿಂತ ಹತ್ತು ಸೆಂಟಿಮೀಟರ್ ಮ್ಯಾಲ. ಖರೆ ಅಂದ್ರ ಎಂಟು ಸೆಂಟಿಮೀಟರ್ ಕೆಳಗ. ಎಂಟು ಸೆಂಟಿಮೀಟರ್ ಏನು ಮಹಾ, ನೀರು ಅಷ್ಟು ಮ್ಯಾಲ ಎಂದರ ಬರತೈತೇನು ಅಂತ ನನಗ ನಾ ಹೇಳಿಕೊಂಡೆ. ಅವಗ, "ನಿನ್ನ ಮನಿ ಉಳೀತು ಲೇ, ಖುಷಿ ಪಡು" ಅಂದೆ. ಅಂವ ಖುಷಿ ಪಟ್ಟ.

ಹೊಸ್ತಿಲ ಎಂಟು ಸೆಂಟಿಮೀಟರ್ ಕೆಳಗ ಇರಬಹುದು, ಅವನ ಮಗ್ಗ ಕುಣಿ ಮಗ್ಗ. ಕಾಲು ಇಳಿಬಿಟ್ಟು ಕುಂಡ್ರೋ ಕುಣಿ ಸೊಂಟಮಟ ಆಳ. ಹಿನ್ನೀರು ತುಂಬಿದ ವರ್ಷದಿಂದ ಕುಣಿಯೊಳಗ ಒರತಿ ಶುರುವಾತು. ಶ್ರಾವಣಕ್ಕ ಬಂದ ನೀರು ಸಂಕ್ರಮಣದತನಕ ಹೋಗತಿದ್ದಿಲ್ಲ. ಗೆರಿ ಕೆಳಗಿದ್ದ ಮನಿಯವರೆಲ್ಲಾ, ನಾವೂ, ನವನಗರಕ್ಕ ಬಂದ್ವಿ. ಅಂವ ಕೊಡದಿಂದ ನೀರು ಎತ್ತಿ ಚೆಲ್ಲಿ ನೇಯತಿದ್ದ. ಅವನ ಹೆಣ್ತಿ ಬೀಬಿಜಾನಗ ಎದಿ ರೋಗ ಬಂತು. ೨೦೦೬ರಾಗ ನನ್ನ ಆಫೀಸಿಗೆ ಬಂದು, ಬಾಗಲದಾಗ ನಿಂತು, "ಬಸೂ, ಇನ್ನೊಮ್ಮೆ ಅಳಿ" ಅಂದ. ನಾಕು ಮಂದಿ ಕುಂತಿದ್ರು. "ಕಾಗದ ಹೆಂಗೈತಿ ಹಂಗ" ಅಂದೆ. ಅಂವ ತಿರುಗಿ ಹೋದ. ಆ ವರ್ಷನ ಇಲಕಲ್ಲಿಗೆ ಹೋಗಿ ಮಂದಿ ಮಗ್ಗಕ್ಕ ಕುಂತ ಅಂತ ಕೇಳಿದೆ.

ಅಂಗಳದಾಗ ನಿಲ್ಲಿಸಿ ನಿನಗ ಆ ಮಾತು ಕಲಿಸಿದ್ದು ಯಾಕ ಅಂತ ಈಗ ನಿನಗ ಗೊತ್ತಾಗಿರಬೇಕು.

ಹೊಳಬಸಪ್ಪ


ಅಹಮದಾಬಾದ
೧ ಡಿಸೆಂಬರ್ ೨೦೨೪

ಅಪ್ಪಾ,

ನಿಮ್ಮ ಪತ್ರಕ್ಕ ಎರಡು ಸಲ ಉತ್ತರ ಬರದೆ, ಎರಡೂ ಹರದೆ. ಒಂದರಾಗ ಸಿಟ್ಟಿತ್ತು, ಒಂದರಾಗ ಸಮಾಧಾನ ಹೇಳಿದ್ದೆ. ಸಮಾಧಾನ ಹೇಳಾಕ ನಾ ಯಾರು? ಕುಣಿಯಾಗಿನ ನೀರು ಎತ್ತಿ ಚೆಲ್ಲಿದಾಕಿ ನಾ ಅಲ್ಲ.

ನನ್ನ ಸುದ್ದಿ ಹೇಳಿಬಿಡ್ತೇನಿ. ಪ್ರಬಂಧ ಹಿಂದಕ್ಕ ತಗೊಂಡಿದ್ದನ್ನ ಹೋದ ವಾರ ಪ್ರಕಟಿಸ್ಯಾರ. ಮೇಡಮ್ ಹೇಳಿದ್ದು ಖರೆ ಆತು. "ಹಿಮ ಕರಗೂದು ಬರೇ ಬುರುಡಿ, ವಿಜ್ಞಾನಿಯ ತಪ್ಪೊಪ್ಪಿಗಿ" ಅಂತ ಒಂದು ವಿಡಿಯೋ ತಿರುಗಾಡಾಕತ್ತೈತಿ, ಅದರಾಗ ನನ್ನ ಫೋಟೋ ಐತಿ. ಸಂತೋಷಣ್ಣನ ಆಫೀಸಿನವರೂ ನೋಡ್ಯಾರಂತ. ಇಪ್ಪತ್ತೆರಡು ಸೆಂಟಿಮೀಟರ್ ತಗ್ಗಾಕತ್ತೈತಿ ಅನ್ನೂದು ಅದರಾಗ ಎಲ್ಲೂ ಇಲ್ಲ. ಊಟದ ಕೋಣ್ಯಾಗ ನಾ ಹೋಗಿ ಕುಂತ್ರ ಮಾತು ನಿಲ್ಲತೈತಿ. ನಯೀಮ ಒಬ್ಬಾಂವ ಡಬ್ಬಿ ತಗೊಂಡು ಬಂದು ಎದುರಿಗೆ ಕುಂಡ್ರತಾನ.

ಕಳಿಸಬಾರದಿತ್ತೇನೋ ಅಂತ ಒಂದೊಂದು ದಿನ ಅನಸ್ತೈತಿ. ಆಮ್ಯಾಲ ನಿಮ್ಮ ಹರದ ಹಾಳಿ ನೆನಪಾಗತೈತಿ. ಹಂಗ ಹೋಲಿಸಿ ಬರಿಯೂದು ನಿಮಗ ನೋವಾಗಬಹುದು, ಆದ್ರೂ ಬರದೆ. ನಾವಿಬ್ಬರೂ ಇನ್ನ ಮುಂದ ಇದ್ದದ್ದನ್ನ ಬರಿಯೂಣು.

ಒಂದ ಮಾತು ಕೇಳತೇನಿ. ಈ ಪತ್ರ ನನಗ ಬರದ್ರಿ. ಖಾದರಕಾಕಾಗ ಹೇಳೀರೇನು?

ಐಶ್ವರ್ಯ


ನವನಗರ
೯ ಜನವರಿ ೨೦೨೫

ಐಶ್ವರ್ಯಾ,

ಸೋಮವಾರ ಇಲಕಲ್ಲಿಗೆ ಹೋಗಿಬಂದೆ. ಸಂತೋಷ ಜೋಡಿ ಬರ್ತೇನಿ ಅಂದ, ಬ್ಯಾಡಂದೆ. ಹುನಗುಂದದಾಗ ಬಸ್ ಬದಲಿ ಮಾಡಬೇಕಿತ್ತು. ಅಲ್ಲಿ ಬಾಗಲಕೋಟಿ ಬಸ್ ಎದುರಿಗೇ ನಿಂತಿತ್ತು, ತಿರುಗಿ ಹತ್ತಿಬಿಡೂಣು ಅಂತ ಎರಡು ಸಲ ಅನಿಸಿತು.

ಮನಿ ಹುಡುಕಾಕ ಕಷ್ಟ ಆಗಲಿಲ್ಲ. ತಗಡಿನ ಮನಿ, ಮುಂದ ಪಡಸಾಲಿ. ಅಂವ ಪಡಸಾಲ್ಯಾಗ ಕುಂತು ರಾಟಿ ತಿರುವಿ ಕಂಡಿಕಿಗೆ ನೂಲು ಸುತ್ತತಿದ್ದ. ಮಗ್ಗಕ್ಕ ಕುಂಡ್ರಾಕ ಈಗ ಮೊಣಕಾಲು ಬಗ್ಗಂಗಿಲ್ಲ ಅಂತ. ನನ್ನ ನೋಡಿ ಗುರುತು ಹಿಡದ.

"ಬಸೂ ಏನು?"

"ಹೌದು."

"ಕುಂಡ್ರು."

ಆವತ್ತು ಕಿವಿ ಮಿಷನ್ ಹಾಕ್ಕೊಂಡು ಹೋಗಿದ್ದೆ. ಅಂವ ಏನಂದ್ರೂ ಪೂರಾ ಕೇಳಬೇಕು ಅಂತ. ಕಲ್ಲು ಕುಸದದ್ದು, ಹಾಳಿ ಹರದದ್ದು, ಅಂಕಿ ತಿದ್ದಿದ್ದು ಎಲ್ಲಾ ಹೇಳಿದೆ. ಹೇಳೂತನಕ ಅಂವ ನೂಲು ಸುತ್ತತನ ಇದ್ದ. ಮುಗಿದ ಮ್ಯಾಲ ರಾಟಿ ನಿಂತಿತು.

"ಎಷ್ಟು?"

"ಗೆರಿಗಿಂತ ಎಂಟು ಸೆಂಟಿಮೀಟರ್ ಕೆಳಗ."

"ಸೆಂಟಿಮೀಟರ್ ನನಗ ತಿಳಿಯಂಗಿಲ್ಲ. ಕೈಲೆ ತೋರಸು."

ನಾಕು ಬೆರಳು ಜೋಡಿಸಿ ಅಡ್ಡ ಹಿಡದು ತೋರಿಸಿದೆ. ಅಂವ ಅದನ್ನ ಭಾಳ ಹೊತ್ತು ನೋಡಿದ.

"ಬೀಬಿಜಾನ ಪ್ರತಿ ಶ್ರಾವಣಕ್ಕ ಅಂತಿದ್ಲು," ಅಂದ. "ಈ ಮನಿ ಗೆರಿ ಕೆಳಗೈತಿ, ನಿಮ್ಮ ದೋಸ್ತ ತಪ್ಪು ಅಳದಾನ ಅಂತ. ನಾ ಅಕಿ ಬಾಯಿ ಮುಚ್ಚಿಸ್ತಿದ್ದೆ. ಹೊಳಬಸಪ್ಪನ ಲೆವೆಲ್ ತಪ್ಪಂಗಿಲ್ಲ, ನಿನಗೇನು ತಿಳಿತೈತಿ ಅಂತಿದ್ದೆ. ಒಮ್ಮೆ ಕೈ ಎತ್ತಿದ್ದೆ. ನಿನ್ನ ಸಲುವಾಗಿ, ಬಸೂ."

ಅಂವ ರಾಟಿ ಅತ್ತಾಗ ಸರಿಸಿದ.

"ನಿನ್ನ ಕಡೆ ಬಂದು ಇನ್ನೊಮ್ಮೆ ಅಳಿ ಅಂದದ್ದೂ ಅಕಿ ಮಾತಿಗೆ. ನೀ ಕಾಗದ ಹೆಂಗೈತಿ ಹಂಗ ಅಂದಿ. ಮನಿಗೆ ಹೋಗಿ ಅಕಿಗೆ ಅದನ್ನ ಹೇಳಿದೆ. ಅವತ್ತಿನಿಂದ ಅಕಿ ಆ ಮಾತು ಎತ್ತಲಿಲ್ಲ. ಅಕಿ ಹೋಗಿ ನಾಕು ವರ್ಷಾತು. ಈಗ ನಾ ಯಾರಿಗೆ ಹೇಳ್ಲಿ?"

ತಪ್ಪಾತು ಅಂತ ನನ್ನ ಬಾಯಿಂದ ಹೊರಟಿತು. ಅದು ಎಷ್ಟು ಸಣ್ಣ ಮಾತು ಅಂತ ಅಂದ ಮ್ಯಾಲ ತಿಳೀತು. ಒಂದು ಹಾಳಿ ಮ್ಯಾಲ ಎಲ್ಲಾ ಬರದು ಸಹಿ ಮಾಡಿ ಅವನ ಮುಂದ ಇಟ್ಟೆ. ಅಂವ ಓದಲಿಲ್ಲ. "ಇನ್ನ ಹೋಗು" ಅಂದ.

ಎಷ್ಟೊತ್ತಿನ ಬಸ್ಸಿಗೆ ಬಂದೆ ನೆನಪಿಲ್ಲ. ನಿಮ್ಮವ್ವಗ ಎಲ್ಲಾ ಹೇಳೇನಿ. ಅಕಿ ಎರಡು ದಿನ ನನ್ನ ಕೂಡ ಮಾತಾಡಿಲ್ಲ.

ಹೊಳಬಸಪ್ಪ


ಅಹಮದಾಬಾದ
೨೪ ಫೆಬ್ರುವರಿ ೨೦೨೫

ಅಪ್ಪಾ,

ನಿಮ್ಮ ಪತ್ರ ಓದಿದ ಮ್ಯಾಲ ಬೀಬಿಜಾನಕಾಕು ನೆನಪಾದ್ರು. ನನಗ ಬಣ್ಣದ ನೂಲಿನ ತುಂಡು ಕೊಡತಿದ್ರು, ಗೊಂಬಿಗೆ ಸೀರಿ ಉಡಸಾಕ. ಮುಖ ನೆನಪಾಗವಲ್ದು, ಬಳಿ ಸಪ್ಪಳ ಅಷ್ಟ ನೆನಪೈತಿ.

ನಾನೂ ನಯೀಮನೂ ಹತ್ತು ವರ್ಷದ ಅಳತಿ ಮೊದಲಿಂದ ಮಾಡಾಕತ್ತೇವಿ. ಉಪಗ್ರಹ ಹಾಯ್ದ ಒಂದೊಂದು ಸಲಕ್ಕೂ ಆ ದಿನ ಹಿಮ ಒಣಾ ಇತ್ತೋ, ಕರಗಿ ಗಟ್ಟಿಯಾಗಿತ್ತೋ ನೋಡಿ, ತರಂಗ ಎಷ್ಟು ಒಳಗ ಇಳದೈತಿ ಅಂತ ಕಳದು ಬರೀಬೇಕು. ಲಕ್ಷಗಟ್ಟಲೆ ಅಳತಿ. ಮೊದಲ ಇದನ್ನ ಮಾಡದ ಬಿಟ್ಟದ್ದು ಯಾಕ ಅಂದ್ರ ವ್ಯಾಳ್ಯಾ ಇದ್ದಿಲ್ಲ ಅಂತ ಎಲ್ಲಾರಿಗೂ ಹೇಳೇನಿ. ನಿಮಗ ಖರೆ ಹೇಳತೇನಿ. ಮೂವತ್ತೊಂದು ಬಂದಾಗ ನನಗ ಖುಷಿ ಆಗಿತ್ತು. ದೊಡ್ಡ ಅಂಕಿ. ಎಲ್ಲಾರೂ ನೋಡತಾರ ಅಂತ. ಅದಕ್ಕ ತಿರುಗಿ ನೋಡಲಿಲ್ಲ.

ಮುಂದಿನ ತಿಂಗಳು ಸಭೆ ಐತಿ. ನನಗ ಆಸೆ ಇಲ್ಲ.

ಐಶ್ವರ್ಯ


ಇಲಕಲ್
೧೭ ಮಾರ್ಚ್ ೨೦೨೫

ಹೊಳಬಸಪ್ಪಗ,

ನೀ ಬರದು ಕೊಟ್ಟ ಹಾಳಿ ಹರದು ಒಗದೆ. ಅದು ನಿನ್ನ ಅಕ್ಷರ. ನಿನ್ನ ಅಕ್ಷರ ನಾ ಒಮ್ಮೆ ನಂಬೇನಿ.

ನನಗ ಚೀಟಿ ಬ್ಯಾಡ. ಬಂದು ಅಳಿ. ನನ್ನ ಮುಂದ ಅಳಿ, ನಾ ಕಣ್ಣಿಲೆ ನೋಡ್ತೇನಿ. ರಮಜಾನ್ ಮುಗೀಲಿ. ಬ್ಯಾಸಗಿಯೊಳಗ ನೀರು ಹಿಂದ ಸರೀತೈತಿ, ಹೊಸ್ತಿಲ ಕಲ್ಲು ಇನ್ನೂ ಇದ್ದಲ್ಲೇ ಐತಿ ಅಂತ ಅಲ್ಲಿ ಕುರಿ ಮೇಯಸೋ ಮಾಳಪ್ಪ ಹೇಳ್ಯಾನ.

ಖಾದರಬಾಷಾ


ಅಹಮದಾಬಾದ
೨೦ ಏಪ್ರಿಲ್ ೨೦೨೫

ಅಪ್ಪಾ,

ಖಾದರಕಾಕಾನ ಪತ್ರದ ಫೋಟೋ ಸಂತೋಷಣ್ಣ ಕಳಿಸಿದ್ದ. ಎಷ್ಟು ಸಲ ಓದೇನಿ ಲೆಕ್ಕ ಇಲ್ಲ.

ನನ್ನ ನೌಕರಿ ಕಾಯಂ ಆಗಲಿಲ್ಲ. ಆ ಜಾಗಾ ಬ್ಯಾರೆಯವರಿಗೆ ಹೋತು. ಒಂದು ವರ್ಷದ ಯೋಜನಾದಾಗ ಇರು ಅಂತ ಮೇಡಮ್ ಅವರೇ ಕರದು ಹೇಳಿದ್ರು. "ನಾ ಹೇಳಿದ್ದು ತಪ್ಪಿತ್ತು" ಅಂತ ಅವರು ಅನಲಿಲ್ಲ. ಆದ್ರ ಹೊಸ ಪ್ರಬಂಧ ಮೂರು ಸಲ ಸಾಲು ಸಾಲು ತಿದ್ದಿ ಕೊಟ್ರು. ಅದು ಕಬೂಲ್ ಆಗೇತಿ. ಕಣಿವಿ ವರ್ಷಕ್ಕ ಇಪ್ಪತ್ಮೂರು ಸೆಂಟಿಮೀಟರ್ ತಗ್ಗಾಕತ್ತೈತಿ, ಎರಡು ಸೆಂಟಿಮೀಟರ್ ಹೆಚ್ಚುಕಡಿಮಿ. ಕೊನೀ ಮೂರು ವರ್ಷ ಅದಕ್ಕಿಂತ ಜೋರು ತಗ್ಗೇತಿ. ಮೊದಲಿನ ತಪ್ಪು ಅಂಕಿಯೊಳಗ ಅದು ಮುಚ್ಚಿಹೋಗಿತ್ತು. ವಿಡಿಯೋ ಮಾಡಿದವರು ಇದನ್ನ ತೋರಸಂಗಿಲ್ಲ. ಆದ್ರ ಡೆನ್ಮಾರ್ಕಿನವರೊಬ್ಬರು, ಆ ಹಿಮದ ಮ್ಯಾಲನ ಕೆಲಸ ಮಾಡವರು, ನಮ್ಮ ಅಳತಿ ಅವರ ನೆಲದ ಅಳತಿಗೆ ಹೊಂದತೈತಿ ಅಂತ ಬರದಾರ. ಓದಿದ ಮ್ಯಾಲ ಹೊರಗ ಹೋಗಿ ಒಬ್ಬಾಕಿನ ಅತ್ತು ಬಂದೆ.

ಅಳಿಯಾಕ ಹೋಗೂ ದಿನ ತಿಳಸ್ರಿ. ನಾ ರಜಾ ಹಾಕಿ ಬರ್ತೇನಿ, ಸ್ಟಾಫ್ ಹಿಡಿತೇನಿ. ಆ ಕುಸಿದ ಕಟ್ಟಿ ಕಲ್ಲು ಬಿಟ್ಟು ರೈಲು ಸ್ಟೇಶನ್ನಿನ ಗುರುತಿನಿಂದ ಶುರು ಮಾಡ್ರಿ.

ಐಶ್ವರ್ಯ


ನವನಗರ
೨೦ ಮೇ ೨೦೨೫

ಐಶ್ವರ್ಯಾ,

ನಿನಗ ದಿನ ತಿಳಸಲಿಲ್ಲ. ತಿಳಿಸಿದ್ರ ನೀ ಬರತಿದ್ದಿ. ಇದು ಅವನದೂ ನನ್ನದೂ ಅಷ್ಟ. ಬ್ಯಾಸರ ಮಾಡ್ಕೋಬ್ಯಾಡ.

ಹೋದ ಶನಿವಾರ ಹೋಗಿದ್ವಿ. ಸೋಮಲಿಂಗ ನನ್ನ ಕೈಕೆಳಗ ಕೆಲಸ ಕಲಿತಾಂವ, ಈಗ ಖಾಸಗಿ ಸರ್ವೇ ಮಾಡತಾನ. ಲೆವೆಲ್ಲು, ಸ್ಟಾಫು ತಗೊಂಡು ಅವನ ಬಂದ. ಖಾದರ ಮೊದಲನೇ ಬಸ್ಸಿಗೆ ಬಂದಿದ್ದ. ಮುಂಜಾನಿ ಏಳಕ್ಕ ಸ್ಟೇಶನ್ನಿನ ಗುರುತಿನಿಂದ ಶುರು ಮಾಡಿದ್ವಿ. ಪ್ರತಿ ಸಲ ಲೆವೆಲ್ ನಿಲ್ಲಿಸಿದಾಗ ನಾ ಓದಿ ಹೇಳತಿದ್ದೆ, ಆಮ್ಯಾಲ ಖಾದರ ಕಣ್ಣಿಟ್ಟು ನೋಡತಿದ್ದ. ಎರಡು ಮೂರು ಸಲ ಆದ ಮ್ಯಾಲ ಅವನೇ ಅಂಕಿ ಓದಾಕ ಶುರು ಮಾಡಿದ. ಎಳಿ ತಪ್ಪದ ನೇಯೋ ಕಣ್ಣು ಅದು. ಮಿಲಿಮೀಟರ್ ತಪ್ಪಲಿಲ್ಲ. ನಾ ಬರದೆ. ಬರದದ್ದನ್ನ ಪ್ರತಿ ಸಲ ಅಂವ ಇಣುಕಿ ನೋಡಿದ. ನೋಡಲಿ ಅಂತ ಪುಸ್ತಕ ಅವನ ಕಡೆ ತಿರುಗಿಸಿ ಹಿಡದೆ.

ಓಣಿ ಇಲ್ಲ. ಜಾಲಿ ಬೆಳದೈತಿ. ಮಾಳಪ್ಪ ಕೊಡಲಿಲೆ ದಾರಿ ಮಾಡಿಕೊಟ್ಟ. ಗ್ವಾಡಿ ಬಿದ್ದಾವ, ಕುಣಿಯೊಳಗ ರಾಡಿ ತುಂಬಿ ಆಪು ಹುಲ್ಲು ಹುಟ್ಟೇತಿ. ಹೊಸ್ತಿಲ ಕಲ್ಲು ಇದ್ದಲ್ಲೇ ಇತ್ತು. ಸೋಮಲಿಂಗ ಸ್ಟಾಫ್ ಇಟ್ಟ. ಖಾದರ ಓದಿದ. ನಾ ಕೂಡಿಸಿ ಕಳದೆ.

"ಎಷ್ಟು?" ಅಂದ.

"ಹನ್ನೊಂದು."

"ಅವತ್ತು ಎಂಟು ಅಂದಿದ್ದಿ."

"ಇನ್ನೊಂದು ಗುರುತಿಗೆ ಕೂಡಿಸಿದ್ದರಾಗೂ ಅವತ್ತು ಚೂರು ತಪ್ಪಿರಬೇಕು. ಹನ್ನೊಂದು ಖರೆ."

"ಹಂಗಾರ ಇನ್ನೂ ಮೂರು ಉಳದಿತ್ತು ನಿನ್ನ ಕಡೆ" ಅಂದ. ಅದನ್ನ ಸಿಟ್ಟಿನಿಂದ ಅಂದ್ನೋ ಹ್ಯಾಂಗೋ ನನಗ ತಿಳೀಲಿಲ್ಲ.

ತಿರುಗಿ ಸ್ಟೇಶನ್ನಿನ ತನಕ ಅಳದು ಕೂಡಿಸಿದ ಮ್ಯಾಲನ ನಂಬ್ರಿ ಅಂತ ಸೋಮಲಿಂಗ ಹೇಳಿದ. ಖಾದರ ಅದಕ್ಕ ಕಾಯಲಿಲ್ಲ. ಹೊಸ್ತಿಲ ಮ್ಯಾಲ ಹತ್ತಿ, ಮನಿ ಇದ್ದ ಕಡೆ ಮುಖ ಮಾಡಿ ನಿಂತ. ತನ್ನ ಮನಿ ಮಾತಿನ್ಯಾಗ ಏನೋ ಹೇಳಿದ. ಕಿವಿ ಮಿಷನ್ ಹಾಕ್ಕೊಂಡಿದ್ದೆ, ಕೇಳಿಸಿತು. ಬೀಬಿ, ನೀ ಹೇಳಿದ್ದು ಖರೆ ಇತ್ತು, ನಾ ಸುಳ್ಳಾದೆ ಅಂದ. ಸೋಮಲಿಂಗ ಸ್ಟಾಫ್ ಮಡಚಿ ದೂರ ಹೋದ. ನಾನೂ ಹೋಗಬೇಕಿತ್ತು. ಹೋಗಲಿಲ್ಲ.

ತಿರುಗಿ ಅಳದ್ವಿ. ಒಂಬತ್ತು ಮಿಲಿಮೀಟರಿನೊಳಗ ಕೂಡಿತು. ಹಾಳಿಯ ಮ್ಯಾಲ ನಾ ಸಹಿ ಮಾಡಿದೆ. ಖಾದರ, "ಓದಿದಾಂವ ನಾ ಅದೇನಿ" ಅಂತ ಪೆನ್ನು ಇಸಕೊಂಡು ಕೆಳಗ ತಾನೂ ಸಹಿ ಹಾಕಿದ. ಹಾಳಿ ಮಡಚಿ ಅಂಗಿಯ ಒಳಗಿನ ಕಿಸೇದಾಗ ಇಟ್ಟುಕೊಂಡ.

ಬಸ್ ಸ್ಟ್ಯಾಂಡಿನತನಕ ಜೋಡಿ ನಡದು ಹೋದ್ವಿ. ಮನಿಗೆ ಬಾ, ಸುನಂದಾ ರೊಟ್ಟಿ ಮಾಡಿರ್ತಾಳ ಅಂತ ನಾಲಗಿ ತುದಿಗೆ ಬಂದಿತ್ತು, ಕೇಳಾಕ ಧೈರ್ಯ ಆಗಲಿಲ್ಲ. ಇಲಕಲ್ ಬಸ್ ಬಂತು. ಅಂವ ಸಾವಕಾಶ ಹತ್ತಿದ, ಮೊಣಕಾಲು ಹಿಡಕೊಂಡು. ಕಿಡಕಿ ಕಡೆ ಕುಂತ. ಬಸ್ ಹೊರಡೋ ಹೊತ್ತಿಗೆ ನನ್ನ ಕಡೆ ನೋಡಿ, ಜೋರಾಗಿ, ನಾ ಕಿವುಡ ಅಂತ ಗೊತ್ತಾಗೇತಿ ಅವಗ, ಹಂಗ ಒದರಿ ಹೇಳಿದ:

"ಈಗ ಮನಿಗೆ ಬರಬ್ಯಾಡ ಬಸೂ. ಬಂದ್ರ ನಾ ಮಾತಾಡಂಗಿಲ್ಲ. ಬಕ್ರೀದ್ ಆದ ಮ್ಯಾಲ ಬಾ."

ನಿಮ್ಮಪ್ಪ